ಓನರ್ ಅಂಕಲ್

ಬೆಂಗಳೂರಲ್ಲಿ ಮಾಳಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟವನು ರಸ್ತೆಯಲ್ಲಿ ನಡೆಯುವ ಠೀವಿಯೇ ಬೇರೆ. ನಿಮಗೂ ಗೊತ್ತಿರುತ್ತದೆ ಬಿಡಿ. ಪಿಎಫ್ ದುಡ್ಡೆಲ್ಲ ಸುರಿದು ನಾನೂ ಒಂದು ಕಟ್ಟಿಸಿದೆ. ಹಾಕಿದ ದುಡ್ಡಿಗೆ ವರ್ಷಕ್ಕೆ ನೂರಕ್ಕೆ 3 ರೂಪಾಯಿ ಗಿಟ್ಟಿದರೆ ಪುಣ್ಯ. ಲಾಭ ಏನಿದ್ದರೂ ಖರ್ಚು ಉಳಿಸುವುದರಲ್ಲೇ ಎಂದು ಸೊಂಟ ಕಟ್ಟಿದೆ.

ಮೊದಲ ಬಲಿ ಬ್ರೋಕರ್. ಅವನಿಗೇಕೆ ಒಂದು ತಿಂಗಳ ಬಾಡಿಗೆ? ನಾನೇ ರಟ್ಟಿನ ಮೇಲೆ ದುಂಡಗೆ ‘ಮನೆ ಬಾಡಿಗೆಗಿದೆ’ ಎಂದು ಬರೆದು ಗೇಟಿಗೆ ಕಟ್ಟಿದೆ. ಓದಿದವರು ತುಂಬ ಜನ, ಫೋನು ಮಾತ್ರ ಕೆಮ್ಮಲೂ ಇಲ್ಲ. ಕೊನೆಗೆ ನಮ್ಮಾಕೆ ಕನ್ನಡಕ ಏರಿಸಿ ನೋಡಿ, ‘ರೀ, ಇದು ನಿಮ್ಮ ಹಳೇ ಸಿಮ್ಮಿನ ನಂಬರು’ ಎಂದಳು. ಆ ಸಿಮ್ಮು ಈಗ ಯಾರ ಹತ್ತಿರ ಇದೆಯೋ, ಆ ಪುಣ್ಯಾತ್ಮ ನನ್ನ ಮನೆಗೆ ಎಷ್ಟು ಜನರ ಹತ್ತಿರ ಅಡ್ವಾನ್ಸ್ ಚೌಕಾಸಿ ಮಾಡಿದನೋ! ಬಾಡಿಗೆಯ ಹುಡುಗನನ್ನು ಹುಡುಕಿಕೊಟ್ಟಿದ್ದು ನಮ್ಮ ಬೀದಿಯ ಹೂವಮ್ಮ. ಕಮಿಷನ್ನು ಒಂದು ಲೋಟ ಕಾಫಿ.

ಆಮೇಲೆ ಕರಾರು. ಒಂದು ವರ್ಷ ಮೀರಿದ ಅವಧಿ ಬರೆದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಅದಕ್ಕೇ ಊರಿಗೆ ಊರೇ 11 ತಿಂಗಳು ಅಂತ ಬರೆಯುವುದು. ಇಷ್ಟು ಕಾನೂನು ಬಲ್ಲ ನನಗೆ ವಕೀಲರ ಹಂಗೇಕೆ? ಯಾರದೋ ಹಳೇ ಕರಾರು ಸಂಪಾದಿಸಿ, ಹೆಸರು, ಮೊತ್ತ ತಿದ್ದಿ, ಸ್ಟಾಂಪ್ ಪೇಪರಿನ ಮೇಲೆ ಪ್ರಿಂಟ್ ಹಾಕಿಸಿದೆ. ಹುಡುಗ ಅದನ್ನು ಕೂತು ಪೂರ್ತಿ ಓದಿದ. ಬಾಡಿಗೆ ಕರಾರನ್ನು ಓದುವ ಪ್ರಾಣಿಯನ್ನು ನಾನು ನೋಡಿದ್ದು ಅವತ್ತೇ.

‘ಅಂಕಲ್, ತಗಡಿನ ಶೀಟಿನ ಗೋಡೌನ್ ಅಂತಿದೆ. ರಾತ್ರಿ ಲಾರಿ ನಿಲ್ಲಿಸಬಾರದು ಅಂತಲೂ ಇದೆ. ನನ್ನ ಹತ್ರ ಇರೋದು ಸ್ಕೂಟರು.’

ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ನಿಂತಿತು. ನಮ್ಮಾಕೆ ಕೇಳಿಸಿಕೊಂಡುಬಿಟ್ಟಿದ್ದಳು.

ಇನ್ನು ರಿಪೇರಿ. ಆದಾಯ ತೆರಿಗೆಯಲ್ಲಿ, ಕಂದಾಯ ಕಳೆದು ಉಳಿದ ಬಾಡಿಗೆಗೆ ನೂರಕ್ಕೆ 30ರಷ್ಟು ವಿನಾಯಿತಿ ಇದೆ. ನೀವು ರಿಪೇರಿ ಮಾಡಿಸಿದಿರೋ ಇಲ್ಲವೋ ಯಾರೂ ಕೇಳುವುದಿಲ್ಲ. ಅಂದಮೇಲೆ ಪ್ಲಂಬರಿಗೆ ಕೊಡದ ದುಡ್ಡೆಲ್ಲ ನನ್ನದೇ! ಮೇಲಿನ ಬಚ್ಚಲ ನಲ್ಲಿ ತೊಟ್ಟಿಕ್ಕತೊಡಗಿದ್ದೇ ತಡ, ಹೊಸ ಸ್ಪ್ಯಾನರ್, ಟೆಫ್ಲಾನ್ ಟೇಪು ಹಿಡಿದು ಹತ್ತಿದೆ. ಸ್ಪ್ಯಾನರಿನ ಬೆಲೆ ಪ್ಲಂಬರ್ ಕೂಲಿಗಿಂತ ಜಾಸ್ತಿ, ಆದರೆ ಅದು ಆಸ್ತಿಯಲ್ಲವೇ? ವಾಲ್ವ್ ಮುಚ್ಚಿಯೇ ಕೆಲಸಕ್ಕೆ ಕೈಹಾಕಿದ್ದು. ನಾನು ಮುಚ್ಚಿದ್ದು ಕೆಳಗಿನ ಮನೆಯದು, ಅಷ್ಟೇ. ನಲ್ಲಿ ಕೈಗೆ ಬಂತು, ಹಿಂದೆಯೇ ಇಡೀ ಟ್ಯಾಂಕು ಬಂತು. ನೀರು ಮೆಟ್ಟಿಲಿಳಿದು, ಗೇಟು ದಾಟಿ, ಎದುರುಮನೆಯ ರಂಗೋಲಿ ಅಳಿಸಿತು. ಕೆಳಗೆ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದ ನಮ್ಮಾಕೆಗೆ ಮಾತ್ರ ಒಂದು ತೊಟ್ಟೂ ಇಲ್ಲ. ಪ್ಲಂಬರ್ ಬಂದವನು ನನ್ನ ಸ್ಪ್ಯಾನರನ್ನೇ ಇಸಕೊಂಡು ಕೆಲಸ ಮುಗಿಸಿದ. ವಾಪಸ್ ಕೊಟ್ಟಿಲ್ಲ.

ಇಷ್ಟರಲ್ಲಿ ಅವಳು ಚೀಟಿ ದುಡ್ಡಲ್ಲಿ ರೀಟ್ ಅಂತೇನೋ ಕೊಂಡಿದ್ದಳು. ಆಫೀಸು ಕಟ್ಟಡಗಳ ಬಾಡಿಗೆಯಲ್ಲಿ ಪಾಲಂತೆ. 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲನೆಯ ರೀಟ್ ನಮ್ಮೂರಿನ ಎಂಬಸಿ ಕಂಪನಿಯದು. 2021ರಿಂದ ಒಂದೊಂದೇ ಯೂನಿಟ್ಟೂ ಕೊಳ್ಳಬಹುದು. ಕೈಗೆ ಉಳಿದದ್ದರಲ್ಲಿ ನೂರಕ್ಕೆ 90 ಹಂಚಲೇಬೇಕು ಅಂತ ಸೆಬಿ ನಿಯಮ.

‘ಇಟ್ಟಿಗೆ ಎಲ್ಲಿ? ಕೀ ಎಲ್ಲಿ?’ ಎಂದು ನಕ್ಕೆ. ‘ಬೆಲೆ ಇಳಿದರೆ?’ ಎಂದು ಹೆದರಿಸಿದೆ.

‘ಬೆಲೆ ಇಳೀಲಿ. ಮೆಟ್ಟಿಲ ಮೇಲೆ ನೀರಂತೂ ಇಳಿಯಲ್ಲ.’

ಮೊನ್ನೆ ಆಟೋದಲ್ಲಿ ನಾಗವಾರದ ಕಡೆ ಹೋಗುವಾಗ ಅವಳ ರೀಟಿನ ಮಾನ್ಯತಾ ಟೆಕ್ ಪಾರ್ಕ್ ಬಂತು. ‘ಸ್ವಲ್ಪ ನಿಧಾನ ಹೋಗಪ್ಪ’ ಎಂದು ಕತ್ತು ಹೊರಗೆ ಹಾಕಿ, ಗಾಜು ಸರಿಯಾಗಿ ಒರೆಸಿಲ್ಲವೆಂದು ಗೊಣಗಿದಳು.

‘ಇಲ್ಲಿ ಕೆಲಸ ಮಾಡ್ತೀರಾ ಮೇಡಂ?’

‘ಇಲ್ಲಪ್ಪ, ಬಾಡಿಗೆಗೆ ಕೊಟ್ಟಿದೀನಿ.’

ಆಟೋದವನು ಕನ್ನಡಿಯಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಸೆಟೆದು ಕೂತು, ಓನರ್ ಎನಿಸುವಂಥ ಏನಾದರೂ ಹೇಳಲು ಗಂಟಲು ಸರಿಮಾಡಿಕೊಂಡೆ. ಅವಳೇ ಹೇಳಿಬಿಟ್ಟಳು: ‘ಇವರದೂ ಒಂದಿದೆ. ತಗಡಿನ ಶೀಟಿಂದು, ಸಣ್ಣ ಗೋಡೌನು.’