ಮೀಸೆ ಮಣ್ಣಾಗಲಿಲ್ಲ

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನ್ನ ವಿಷಯದಲ್ಲಿ ಜಟ್ಟಿ ಸೋಫಾ ಮೇಲೆ ಕ್ಷೇಮವಾಗಿ ಕೂತಿದ್ದ, ಮೀಸೆ ಮಾತ್ರ ವಾಶ್‌ಬೇಸಿನ್ ಪಾಲಾಯಿತು.

2025ರ ಜೂನ್ 3ರ ರಾತ್ರಿ. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಆರ್‌ಸಿಬಿ 20 ಓವರಿಗೆ 190 ಹೊಡೆದು ಪೆವಿಲಿಯನ್‌ಗೆ ಹೋಗಿತ್ತು. ಕೊಹ್ಲಿಯನ್ನು ನೋಡಿ ಗಡ್ಡ ಬಿಟ್ಟಿರುವ ನನ್ನ ಭಾವಮೈದುನ ಚುರುಮುರಿ ಮೆಲ್ಲುತ್ತಾ ಕೇಳಿದ: “ಭಾವ, ಈ ಸಲ ಕಪ್ ನಮ್ದೇ. ಅಲ್ಲ ಅನ್ನೋದಾದ್ರೆ ಏನ್ ಕಟ್ತೀರಾ?”

ಆ ಕ್ಷಣದಲ್ಲಿ ನನ್ನೊಳಗಿನಿಂದ ಯಾರೋ ಪಿಸುಗುಟ್ಟಿದರು: “ಬೇಡ ಕಣೋ. ಈ ಸಲ ನಿಜವಾಗ್ಲೂ ನಮ್ದೇ.” ಅದೇ ಹೊತ್ತಿಗೆ ಟ್ಯೂಬ್‌ಲೈಟ್ ಹಿಂದಿನ ಹಲ್ಲಿ ಲೊಚಗುಟ್ಟಿತು. ಅಮ್ಮ ನೆಲಕ್ಕೆ ಬೆರಳು ಕುಟ್ಟಿ “ಕೃಷ್ಣ ಕೃಷ್ಣ” ಎಂದರು. ಅಂತರಾತ್ಮ, ಹಲ್ಲಿ, ಹೆತ್ತತಾಯಿ, ಹೀಗೆ ಮೂರೂ ಇಲಾಖೆಗಳಿಂದ ಆಕ್ಷೇಪಣಾ ಪತ್ರ ಬಂದಾಗಿತ್ತು. ಆದರೂ ನಾನು ಬಾಯಿಬಿಟ್ಟೆ: “ಮೀಸೆ ಕಟ್ತೀನಿ. ಸೋತರೆ ನೀನು ಗಡ್ಡ ತೆಗೀಬೇಕು.”

ಯಾಕೆಂದರೆ ನಾನು ವಿದ್ಯಾವಂತ. ಲೆಕ್ಕ ಬಲ್ಲವನು. ನನ್ನ ತಲೆಯ ಕಡತದಲ್ಲಿ ಪುರಾವೆಗಳು ದಂಡಿಯಾಗಿದ್ದವು. 2009ರ ಫೈನಲ್‌ನಲ್ಲಿ ಕುಂಬ್ಳೆ 16 ರನ್‌ಗೆ 4 ವಿಕೆಟ್ ಕಿತ್ತು ಪಂದ್ಯಪುರುಷರಾದರು, ಪಂದ್ಯ ಮಾತ್ರ ಡೆಕ್ಕನ್ ಚಾರ್ಜರ್ಸ್ ಪಾಲಾಯಿತು, 6 ರನ್‌ನಿಂದ. 2011ರಲ್ಲಿ ಚೆನ್ನೈ ಎದುರು 58 ರನ್ ಸೋಲು. 2016ರಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ ಗೇಲ್, ಕೊಹ್ಲಿ ಸೇರಿ ಮೊದಲ ವಿಕೆಟ್‌ಗೆ 114 ಹೊಡೆದ ಮೇಲೂ 8 ರನ್ ಕೊರತೆ. ಮೇಲಾಗಿ, ಎರಡು ದಿನದ ಹಿಂದಷ್ಟೇ ಇದೇ ಮೈದಾನದಲ್ಲಿ ಪಂಜಾಬ್ 204ರ ಗುರಿಯನ್ನು ಒಂದು ಓವರ್ ಉಳಿಸಿ ಮುಟ್ಟಿತ್ತು. ಅಂಥವರಿಗೆ 191 ಯಾವ ಲೆಕ್ಕ?

ಅದೇ ಪಂಜಾಬನ್ನು ಐದು ದಿನದ ಹಿಂದೆ ಅವರದೇ ಅಂಗಳದಲ್ಲಿ ಆರ್‌ಸಿಬಿ 101ಕ್ಕೆ ಉರುಳಿಸಿತ್ತು. ಲೀಗ್ ಹಂತದಲ್ಲಿ ಪರವೂರಿನ ಏಳಕ್ಕೆ ಏಳೂ ಪಂದ್ಯ ಗೆದ್ದಿತ್ತು. ಈ ಕಾಗದಗಳು ನನ್ನ ಕಡತದಲ್ಲಿ ಇರಲಿಲ್ಲ. ಈಗ ಯೋಚಿಸಿದರೆ, ಅದು ಲೆಕ್ಕವೇ ಆಗಿರಲಿಲ್ಲ. ಹದಿನೇಳು ವರ್ಷ ಪೆಟ್ಟು ತಿಂದ ಭಯ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಬಂದಿತ್ತು.

ಮುಂದಿನದು ಗೊತ್ತಿರುವ ಕತೆ. ಕೃಣಾಲ್ ಪಾಂಡ್ಯ 4 ಓವರಿಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದ. ಶ್ರೇಯಸ್ ಅಯ್ಯರ್ ಒಂದೇ ರನ್‌ಗೆ ವಾಪಸ್. ಕೊನೆಯ ಓವರಿಗೆ 29 ಬೇಕು. ಹೇಜಲ್‌ವುಡ್‌ನ ಮೊದಲ ಎರಡು ಎಸೆತಕ್ಕೆ ರನ್ನಿಲ್ಲ. ಆಮೇಲೆ ಶಶಾಂಕ್ ಸಿಂಗ್ 6, 4, 6, 6 ಬಾರಿಸಿದ. ಗೆಲುವು ಕೈಗೆಟಕದು ಎಂದು ಬೀದಿಯ ನಾಯಿಗೂ ಗೊತ್ತಿತ್ತು. ಆದರೂ ಒಂದೊಂದು ಹೊಡೆತಕ್ಕೂ ನಾನು ಮೀಸೆ ಹಿಡಿದುಕೊಂಡು “ಹಾಕು, ಇನ್ನೊಂದು ಹಾಕು” ಎಂದು ಕಿರುಚುತ್ತಿದ್ದೆ.

ಬಾಜಿಯ ನಿಜವಾದ ದಂಡ ಇದು. ಹದಿನೆಂಟು ವರ್ಷ ಯಾವ ಗಳಿಗೆಗೆ ಕಾದಿದ್ದೆನೋ ಆ ಗಳಿಗೆ ಬಂದಾಗ ನಾನು ಎದುರು ಪಾಳಯದಲ್ಲಿದ್ದೆ. ಅಲ್ಲಿ ಕೊಹ್ಲಿ ಅಳುತ್ತಿದ್ದ, ಇಲ್ಲಿ ನಾನೂ ಅಳುತ್ತಿದ್ದೆ, ಕಾರಣ ಬೇರೆ ಬೇರೆ. ಗೆಲುವಿನ ಅಂತರ ಸರಿಯಾಗಿ 6 ರನ್. 2009ರ ಸಾಲ ಹದಿನಾರು ವರ್ಷದ ಮೇಲೆ ತೀರಿತು, ಬಡ್ಡಿಗೆ ನನ್ನ ಮೀಸೆ ಹೋಯಿತು.

ಬೆಳಿಗ್ಗೆ ಬೋಳು ಮೇಲ್ದುಟಿ ಹೊತ್ತು ಹೋಟೆಲಿಗೆ ಹೋದೆ. ಬೈಟು ಕಾಫಿ ಕುಡಿಯುತ್ತಿದ್ದ ಪ್ರತಿಯೊಬ್ಬನದೂ ಒಂದೇ ಮಾತು: “ನಂಗೆ ಮೊದಲೇ ಅನಿಸಿತ್ತು.” ನಾನೂ ಬಿಡಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ, “ನನ್ನ ಒಳಮನಸ್ಸು ಹೇಳಿತ್ತು ಕಣೇ. ನಾನೇ ಕೇಳಲಿಲ್ಲ.”

ಅವಳು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಒಳಮನಸ್ಸು 2008ರಿಂದ ಪ್ರತಿ ವರ್ಷವೂ ಅದನ್ನೇ ಹೇಳ್ತಿತ್ತಲ್ರೀ. ಹದಿನೇಳು ಸಲ ಸುಳ್ಳಾಯ್ತು. ಆಗೆಲ್ಲ ಅದನ್ನ ಹುಚ್ಚು ಅಂತಿದ್ರಿ. ಈಗ ಅಂತರಾತ್ಮ ಆಗೋಯ್ತಾ? ದಿನಾ ‘ಇವತ್ತು ಮಳೆ ಬರುತ್ತೆ’ ಅನ್ನೋನು ವರ್ಷಕ್ಕೊಂದ್ಸಲನಾದ್ರೂ ಜ್ಯೋತಿಷಿ ಆಗಲೇಬೇಕಲ್ಲ.” ಸ್ವಲ್ಪ ಸುಧಾರಿಸಿಕೊಂಡು ಸೇರಿಸಿದಳು: “ಕಪ್ಪನ್ನ ನಮ್ಮ ಹೆಣ್ಣುಮಕ್ಕಳು 2024ರಲ್ಲೇ ತಂದಿಟ್ಟಿದ್ರು, ಆಡೋಕೆ ಶುರು ಮಾಡಿದ ಎರಡನೇ ವರ್ಷಕ್ಕೇ. ಆಗ ನಿಮ್ಮ ಒಳಮನಸ್ಸು ಎಲ್ಲಿಗೆ ಹೋಗಿತ್ತು?”

ಆ ಸಂಜೆ ಗೆಲುವಿನ ಸಂಭ್ರಮಕ್ಕೆ ಜನ ಸೇರಿದ್ದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋಯಿತು. ಮೀಸೆಯ ಮಾತು ಮನೆಯಲ್ಲಿ ಅಲ್ಲಿಗೆ ನಿಂತಿತು. ‘ಮೊದಲೇ ಅನಿಸಿತ್ತು’ ಮಾತ್ರ ನಿಲ್ಲಲಿಲ್ಲ. ಇಷ್ಟು ಜನ ಸೇರಿದರೆ ಹೀಗಾಗುತ್ತೆ ಅಂತ ಅನಿಸಿತ್ತು, ಇಷ್ಟು ಅವಸರ ಮಾಡಬಾರದು ಅಂತ ಅನಿಸಿತ್ತು. ಅಟ್ಟ ಮೇಲೆ ಒಲೆ ಉರಿಯುವ ನಾಡಿನಲ್ಲಿ ಬೆಂಕಿಗೇನೂ ಬರವಿಲ್ಲ. ಅಕ್ಕಿ ಬೇಯುವ ಹೊತ್ತಿಗೆ ಮಾತ್ರ ಅದು ಕಾಣುವುದಿಲ್ಲ.

ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಆ್ಯಪ್‌ನಲ್ಲಿ ಮೂರು ತಿಂಗಳ ಸಂಬಳ ಕಳೆದುಕೊಂಡ ಪಕ್ಕದ ಮನೆಯವರು ಗೇಟಿನ ಬಳಿ ನಿಲ್ಲಿಸಿ ಹೇಳಿದರು: “ಇದು ನಿಲ್ಲುತ್ತೆ ಅಂತ ನಂಗೆ ಮೊದಲೇ ಅನಿಸಿತ್ತು ಸಾರ್.” ಸಂಬಳ ಹೋಗುತ್ತೆ ಅಂತ ಅನಿಸಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಬೋಳು ಮೇಲ್ದುಟಿ ನೆನಪಾಗಿ ಸುಮ್ಮನಾದೆ.

ಕೊನೆಗೆ ಒಂದು ಉಪಾಯ ಮಾಡಿದೆ. ಇನ್ನೂರು ಪುಟದ ನೋಟ್‌ಬುಕ್ ತಂದು, ಅನಿಸಿದ್ದನ್ನೆಲ್ಲ ಮೊದಲೇ ತಾರೀಖು ಹಾಕಿ ಬರೆಯತೊಡಗಿದೆ. ಟಾಸ್ ಯಾರದು, ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತೆ, ಭಾವಮೈದುನ ಯಾವ ಭಾನುವಾರ ಊಟಕ್ಕೆ ಬರುತ್ತಾನೆ. ಮೂರು ವಾರಕ್ಕೆ ಹನ್ನೊಂದು ಅನಿಸಿಕೆಗಳಾದವು. ಒಂಬತ್ತು ತಪ್ಪು. ಸರಿಯಾದ ಎರಡೂ ಊಟಕ್ಕೆ ಸಂಬಂಧಪಟ್ಟವು.

ಈಗ ಮೀಸೆ ಮತ್ತೆ ಬಂದಿದೆ, ಸ್ವಲ್ಪ ಬೆಳ್ಳಗೆ. ಮೊನ್ನೆ ಭಾವಮೈದುನ ಆ ನೋಟ್‌ಬುಕ್ ತೋರಿಸಿ ಎಂದ. ಹುಡುಕಿದೆ, ಎಲ್ಲೂ ಇಲ್ಲ.

ಅದು ಕಳೆದುಹೋಗುತ್ತೆ ಅಂತ ನಂಗೆ ಮೊದಲೇ ಅನಿಸಿತ್ತು.