ಇಳಿಜಾರಿನ ಓನರ್

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಹಳೇ ಟಾಟಾ ಲಾರಿಯೊಂದು ಚಾ ಅಂಗಡಿಯ ಎದುರಿನ ಮಟ್ಟಸವಾದ ಜಾಗ ಬಿಟ್ಟು, ಇನ್ನಷ್ಟು ಮುಂದೆ ರಸ್ತೆ ಇಳಿಯುವಲ್ಲಿ ನಿಂತಿದ್ದರೆ, ಚಕ್ರದ ಮುಂದೆ ಅಡ್ಡಗಲ್ಲೂ ಇದ್ದರೆ, ಅದರ ಓನರ್ ಯಾರ ಪೈಕಿ ಎಂದು ಕೇಳಬೇಕಾಗಿಲ್ಲ. ಅವನು ಇಳಿಜಾರಿನ ಪೈಕಿ. ಚಂದ್ರಗುತ್ತಿಯಿಂದ ಆನವಟ್ಟಿಯವರೆಗೆ ಎಲ್ಲೆಲ್ಲಿ ನೆಲ ವಾಲಿದೆ, ಯಾವ ಗದ್ದೆಯಂಚಿನ ಏರಿನಲ್ಲಿ ಭತ್ತ ತುಂಬಿದ ಲಾರಿ ನಿಂತೀತು, ಯಾವುದರಲ್ಲಿ ಜಾರೀತು ಎಂಬುದು ಅವನಿಗೆ ಬಾಯಿಪಾಠ. ಇಳಿಜಾರಿನಲ್ಲಿ ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಎದ್ದುಕೊಳ್ಳುತ್ತದೆ. ಕೀ ಎಂಬುದು ಅವನ ಲಾರಿಯಲ್ಲಿ ಶಾಸ್ತ್ರಕ್ಕೆ ಮಾತ್ರ. ಕೇಳಿದರೆ, "ಸೆಲ್ಫ್ ಚಲೋನೇ ಐತಿ ಮಾರಾಯ, ಅದಕ್ಕೆ ಮನ್ಸು ಬರ್ಬೇಕು ಅಷ್ಟೆ" ಎನ್ನುತ್ತಾನೆ.

ಊರವರು ಇವನನ್ನು ಜಿಪುಣ ಎನ್ನುತ್ತಾರೆ. ನನ್ನ ಪ್ರಕಾರ ಅದು ಅನ್ಯಾಯ. ಸೆಲ್ಫಿನ ಕಾರ್ಬನ್, ಬುಶ್ ಇವೆಲ್ಲ ಲಾರಿಯ ಒಂದು ಟಯರಿನ ಮುಂದೆ ಲೆಕ್ಕಕ್ಕೇ ಬಾರದ ಖರ್ಚು. ಇವನಾದರೋ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳ ಇಳಿಸಿ ಮುಗಿಯುವವರೆಗೂ ಇಂಜಿನ್ ಆಫ್ ಮಾಡುವುದಿಲ್ಲ. ಹಮಾಲರು ಹೊಗೆಯಲ್ಲಿ ಕೆಮ್ಮುತ್ತಾರೆ, ಡೀಸೆಲ್ ಸುಮ್ಮನೆ ಉರಿಯುತ್ತದೆ. ಜಿಪುಣ ಹೀಗೆ ಮಾಡುವುದುಂಟೆ? ಇವನಿಗೆ ಬೇಡವಾಗಿರುವುದು ರಿಪೇರಿಯಲ್ಲ, ರೋಗದ ಹೆಸರು. ಆ ಹೆಸರು ಕಂಡುಹಿಡಿಯುವುದಕ್ಕೆ ಮೆಕ್ಯಾನಿಕ್ಕನೂ ಬೇಕಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದರೆ ಸಾಕು. ದೀಪ ಮಂಕಾಗಿ ಸತ್ತರೆ ಬ್ಯಾಟರಿ ಇಳಿದಿರಬೇಕು, ಇಲ್ಲವೇ ಟರ್ಮಿನಲ್ಲೋ ಅರ್ಥ್ ವಯರೋ ಸಡಿಲವಾಗಿರಬೇಕು. ಸೆಲ್ಫೇ ಹಿಡಿದುಕೊಂಡಿದ್ದರೂ ಹಾಗಾಗುತ್ತದೆ. ದೀಪ ಇದ್ದಂತೇ ಇದ್ದು 'ಟಕ್' ಎಂದು ಸುಮ್ಮನಾದರೆ ಸೊಲೆನಾಯ್ಡ್ ಅಥವಾ ಕಾರ್ಬನ್. ಮೋಟರು ಗುಯ್ಯೆಂದು ಸುತ್ತಿಯೂ ಇಂಜಿನ್ ಅಲುಗದಿದ್ದರೆ ಬೆಂಡಿಕ್ಸ್. ಕರ್ರೆಂದು ಉಜ್ಜಿದರೆ ಫ್ಲೈವೀಲಿನ ರಿಂಗ್ ಗೇರಿನ ಹಲ್ಲು. ಇಷ್ಟೆಲ್ಲ ಒಂದು ನಿಮಿಷದ ಕೆಲಸ. ಆ ಒಂದು ನಿಮಿಷವನ್ನು ಇಳಿಜಾರು ಅವನಿಂದ ಕಸಿದುಕೊಂಡಿದೆ.

ಅದರಲ್ಲೂ ಹಲ್ಲಿನ ರೋಗವೇ ಅವನಿಗೆ ಪ್ರಿಯ, ಏಕೆಂದರೆ ಅದು ದಿನಾ ಕಾಡುವುದಿಲ್ಲ. ಹಳೇ ಟಾಟಾ 1210ರಂಥ ಆರು ಸಿಲಿಂಡರಿನ ಇಂಜಿನ್ ಆಫ್ ಮಾಡಿದಾಗ ಮನಸ್ಸು ಬಂದಲ್ಲಿ ನಿಲ್ಲುವುದಿಲ್ಲ. ಯಾವುದಾದರೂ ಒಂದು ಸಿಲಿಂಡರಿನ ಕಂಪ್ರೆಶನ್ ತಡೆದಲ್ಲಿ ನಿಲ್ಲುತ್ತದೆ. ಆದ್ದರಿಂದ ಫ್ಲೈವೀಲಿನ ಸುತ್ತ ಹೆಚ್ಚುಕಡಿಮೆ ಮೂರೇ ಜಾಗದಲ್ಲಿ ಸೆಲ್ಫಿನ ಪಿನಿಯನ್ ಪ್ರತಿಸಲ ಹೋಗಿ ಬಡಿಯುತ್ತದೆ, ಅಲ್ಲಿನ ಹಲ್ಲು ಸವೆಯುತ್ತದೆ, ಉಳಿದ ಹಲ್ಲು ಹೊಸದರಂತೆ ಇರುತ್ತದೆ. ಹಾಳಾದ ಜಾಗ ಎದುರಿಗೆ ಬಂದ ದಿನ ಕರ್ರೆನ್ನುತ್ತದೆ. ಕ್ಲೀನರ್ ಹುಡುಗ ಗೇರಿನಲ್ಲಿಟ್ಟ ಲಾರಿಯನ್ನು ಒಂದು ಗೇಣು ನೂಕಿದರೆ ಫ್ಲೈವೀಲು ಅಷ್ಟು ತಿರುಗಿ, ಒಳ್ಳೆಯ ಹಲ್ಲು ಸಿಕ್ಕಿ, ಥಟ್ಟನೆ ಸ್ಟಾರ್ಟ್ ಆಗುತ್ತದೆ. ನಮ್ಮ ಓನರ್ ಇದರ ಪುಣ್ಯವನ್ನು ಹುಡುಗನಿಗೂ ಕೊಡುವುದಿಲ್ಲ, ಹಲ್ಲಿಗೂ ಕೊಡುವುದಿಲ್ಲ; ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಕೈಮುಗಿಯುತ್ತಾನೆ. ಮಳೆಯಂತೆ ಆಗೊಮ್ಮೆ ಈಗೊಮ್ಮೆ ಕೈಕೊಡುವುದಕ್ಕೆ ಯಾರು ಗ್ಯಾರೇಜು ಹುಡುಕುತ್ತಾರೆ?

ಅವನ ಪರವಾಗಿಯೂ ಹೇಳಲಿಕ್ಕಿದೆ. ರಿಂಗ್ ಗೇರ್ ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ಹೊರತೆಗೆಯಬೇಕು. ಹಳೇ ರಿಂಗನ್ನು ಉಳಿಯಿಂದ ಸೀಳಿ, ಹೊಸದನ್ನು ಸಮನಾಗಿ ಕಾಯಿಸಿ, ಅದು ಹಿಗ್ಗಿರುವಾಗಲೇ ಕೂರಿಸಬೇಕು. ಅವಸರಕ್ಕೆ ಕೆಂಪಗೆ ಕಾಯಿಸಿದರೆ ಹಲ್ಲಿನ ಹದ ಹೋಗಿ ಮತ್ತೆ ಬೇಗ ಸವೆಯುತ್ತದೆ. ಜೋಳದ ಸುಗ್ಗಿಯಲ್ಲಿ ಲಾರಿಯನ್ನು ಹೀಗೆ ಬಿಚ್ಚಿ ಮಲಗಿಸುವುದು ಯಾರಿಗಾದರೂ ಕಷ್ಟವೇ, ಒಪ್ಪೋಣ. ಆದರೆ ಲಾರಿಗೆ ಕೆಲಸವಿಲ್ಲದ ಆಷಾಢದಲ್ಲೂ ಅವನು ಗ್ಯಾರೇಜಿನ ಕಡೆ ತಲೆಹಾಕುವುದಿಲ್ಲವಲ್ಲ. "ನೂಕಿ ಸ್ಟಾರ್ಟ್ ಮಾಡಿದ್ರೆ ಹಲ್ಲು ಉಳೀತದೆ" ಎಂಬ ಅವನ ಇನ್ನೊಂದು ವಾದವೂ ಅರ್ಧ ನಿಜ. ಉಳಿಯುವುದು ಹಲ್ಲು, ಪೆಟ್ಟು ತಿನ್ನುವುದು ಕ್ಲಚ್ಚು ಮತ್ತು ಗೇರ್‌ಬಾಕ್ಸು. ಇದಕ್ಕಿಂತ ದೊಡ್ಡ ವಿಷಯ ಬ್ರೇಕಿನದು. ಏರ್ ಬ್ರೇಕಿಗೆ ಗಾಳಿ ತುಂಬುವುದು ಇಂಜಿನ್ ಓಡಿದಾಗ. ರಾತ್ರಿಯೆಲ್ಲ ನಿಂತು ಗಾಳಿ ಸೋರಿದ ಹಳೇ ಲಾರಿ ಅಡ್ಡಗಲ್ಲು ತೆಗೆದೊಡನೆ ಉರುಳಿ, ಇಂಜಿನ್ನೂ ಏಳದಿದ್ದರೆ, ಮುಂದಿನ ತಿರುವಿನವರೆಗೆ ಅದರ ಓನರ್ ಆ ಲಾರಿಯಲ್ಲಿ ಬರೀ ಪ್ರಯಾಣಿಕ. ಕಲ್ಲು ತೆಗೆದು ಓಡಿ ಹತ್ತುವ ಕ್ಲೀನರ್ ಹುಡುಗ ಅವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ಇಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ.

ಬೇಸಾಯವೂ ಮನೆಯೂ ಮಲೆನಾಡಿನ ಸೊರಬದಲ್ಲೇ ಇದ್ದವನಿಗೆ ಈ ಚಾಳಿ ಒಂದು ಆಯುಷ್ಯ ನಡೆಯುತ್ತದೆ. ಶಿಕಾರಿಪುರದ ಕಡೆ ನೆಲ ಬಯಲಾಗುತ್ತಾ ಬಂದಂತೆ ಅವನ ಗತ್ತು ಇಳಿಯುತ್ತದೆ, ಹಮಾಲರನ್ನು "ಅಣ್ಣಾ" ಎನ್ನತೊಡಗುತ್ತಾನೆ. ಕೊನೆಗೆ ಲಾರಿ ಮಾರುವ ದಿನವೂ ಅದನ್ನು ಇಳಿಜಾರಿನಲ್ಲೇ ನಿಲ್ಲಿಸಿ ತೋರಿಸುತ್ತಾನೆ. ಕೊಳ್ಳಲು ಬಂದವನು ಟಯರ್ ಒದ್ದು ನೋಡುತ್ತಾನೆ, ಪಾಟಾ ಎಣಿಸುತ್ತಾನೆ, ಅಡ್ಡಗಲ್ಲನ್ನೂ ಓರೆಗಣ್ಣಿನಲ್ಲಿ ಗಮನಿಸುತ್ತಾನೆ. ಕೀ ಮಾತ್ರ ಕೇಳುವುದಿಲ್ಲ. ತನ್ನ ಮನೆ ಮುಂದಿನ ರಸ್ತೆ ಎಷ್ಟು ವಾಲಿದೆ ಎಂದು ಮನಸ್ಸಿನಲ್ಲೇ ಅಳೆದು, ಮುಂಗಡ ಕೊಡುತ್ತಾನೆ.