ಪಾಯಿಂಟು ಮೇಷ್ಟ್ರು

ಸಮೇತನಹಳ್ಳಿಯಲ್ಲಿ ನಾಮಕರಣಕ್ಕೆ ಕರೆದರೂ ನಮ್ಮ ಮೇಷ್ಟ್ರು ಎಲೆ ಮುಂದೆ ಕೂರುವ ಮೊದಲು ಬ್ಯಾನರ್ ನೋಡುತ್ತಾರೆ. ದಿನಾಂಕ, ಸ್ಥಳ, ತಮ್ಮ ಹೆಸರು ಮೂರೂ ಇದ್ದರೆ ಒಂದು ಫೋಟೊ. ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಸೋಸಿಯೇಟ್ ಪ್ರೊಫೆಸರ್. ಆ ‘ಅಸೋಸಿಯೇಟ್’ ಉದುರುವುದೊಂದು ಬಾಕಿ. ಯುಜಿಸಿಯ 2018ರ ನಿಯಮದ ಪ್ರಕಾರ ಅದಕ್ಕೆ ಕನಿಷ್ಠ 10 ಪ್ರಕಟಣೆ, 110 ಸಂಶೋಧನಾ ಅಂಕ ಬೇಕು.

ರಾಜ್ಯೋತ್ಸವದ ಭಾಷಣಕ್ಕೆ ಊರ ಹುಡುಗರು ಕರೆಯಲು ಹೋದರು. “ರಾಜ್ಯಮಟ್ಟ ಅಂತ ಹಾಕ್ಸಿದೀರೇನ್ರಪ್ಪಾ?”

“ಇಲ್ಲ ಸಾರ್, ನಮ್ಮ ಬೀದಿ ಮಟ್ಟ.”

ಮೇಷ್ಟ್ರು ಬಿಡಿಸಿ ಹೇಳಿದರು: ರಾಜ್ಯಮಟ್ಟದ ಉಪನ್ಯಾಸಕ್ಕೆ 2 ಅಂಕ, ರಾಷ್ಟ್ರಮಟ್ಟಕ್ಕೆ 3, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5, ಹೊರದೇಶದ್ದಕ್ಕೆ 7. ಅವತ್ತು ಯಾರದೋ ಬೀಗರು ಹೊಸೂರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊಸೂರು ತಮಿಳುನಾಡಿನದು, ಕಾರ್ಯಕ್ರಮ ರಾಷ್ಟ್ರಮಟ್ಟಕ್ಕೇರಿತು. ಡಲ್ಲಾಸಿನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ಕಂಬಕ್ಕೊರಗಿ ಮೊಬೈಲು ಒತ್ತುತ್ತಿದ್ದ. ಅವನನ್ನು ವೇದಿಕೆಗೆ ಎಳೆದು ಶಾಲು ಹೊದಿಸಿದರು. ಅಲ್ಲಿಗೆ 5.

ಆದರೆ ಉಪನ್ಯಾಸದ ಬಾಬತ್ತಿನ ಅಂಕ ಒಟ್ಟಿನಲ್ಲಿ ಶೇ 30 ದಾಟುವಂತಿಲ್ಲ. ಹೀಗಾಗಿ ಪ್ರಬಂಧಕ್ಕೆ ಇಳಿದರು. ಮಾನವಿಕದಲ್ಲಿ ಪ್ರಬಂಧವೊಂದಕ್ಕೆ 10. ಇಬ್ಬರು ಸೇರಿ ಬರೆದರೆ ತಲಾ ಶೇ 70. “ಒಬ್ಬನೇ ಬರೆದರೆ ನೂರು, ಇಬ್ಬರು ಬರೆದರೆ ನೂರಾ ನಲವತ್ತು. ಒಂಟಿಯಾಗಿ ಬರೆಯೋನು ಪೆದ್ದ ಕಣ್ರೀ!” ಎಂದು ಅರಳೀಕಟ್ಟೆಯಲ್ಲಿ ಸಾಬೀತು ಮಾಡಿದರು. ಲೆಕ್ಕ ತಪ್ಪೆಂದು ಹೇಳಲು ನನಗೂ ಆಗಲಿಲ್ಲ, ಅದು ಇರುವುದೇ ಹಾಗೆ.

ನಮ್ಮೂರ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಕಾದಂಬರಿ ಬರೆದ ಸಮೇತನಹಳ್ಳಿ ರಾಮರಾಯರ ಮಾತು ಬಂದಾಗ ಮೇಷ್ಟ್ರು ನಿಟ್ಟುಸಿರು ಬಿಟ್ಟರು: “ದೊಡ್ಡವರು. ಆದ್ರೆ ಅವರ ಪುಸ್ತಕಕ್ಕೆ ಐಎಸ್‌ಬಿಎನ್ ಇತ್ತಾ?”

ಮೇಷ್ಟ್ರು ಪಾಠದಲ್ಲಿ ಕಳ್ಳರಲ್ಲ, ಅದನ್ನು ಹೇಳಲೇಬೇಕು. 1565ರ ತಾಳೀಕೋಟೆ ಯುದ್ಧಕ್ಕೆ ಬಂದರೆಂದರೆ ಕೊನೇ ಬೆಂಚಿನವರೂ ಫೋನು ಒಳಗಿಡುತ್ತಾರೆ. ಅವರ ಹಳೇ ವಿದ್ಯಾರ್ಥಿಯೇ ಹೇಳಿದ್ದು. ಇಂಥ ಪಾಠಕ್ಕೆಷ್ಟು ಪಾಯಿಂಟು ಎಂದು ಮೇಷ್ಟ್ರನ್ನೇ ಕೇಳಿದೆ. ಕನ್ನಡಕ ಹಣೆಗೇರಿಸಿ, ಬಾಕ್ಸ್ ಫೈಲಿನಿಂದ ಪ್ಲಾಸ್ಟಿಕ್ ಹಾಳೆಯೊಳಗಿನ ಕೋಷ್ಟಕ ತೆಗೆದರು. ವಹಿಸಿದ ತರಗತಿಗಳಲ್ಲಿ ಶೇ 80 ತೆಗೆದುಕೊಂಡವರು ‘ಉತ್ತಮ’, 70 ದಾಟಿದವರು ‘ತೃಪ್ತಿಕರ’. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ಎಂಬ ಕಾಲಂ ಆ ಕೋಷ್ಟಕದಲ್ಲಿಲ್ಲ. ತಾಳೀಕೋಟೆಯನ್ನು ಕಣ್ಣಿಗೆ ಕಟ್ಟಿಸಿದವರಿಗೂ ನೋಟ್ಸ್ ಓದಿ ಎದ್ದುಹೋದವರಿಗೂ ಸಿಗುವುದು ಅದೇ ‘ಉತ್ತಮ’. ಮೇಷ್ಟ್ರು ಬ್ಯಾನರ್ ಹಿಂದೆ ಬೀಳದೆ ಇನ್ನೇನು ಮಾಡಬೇಕು, ಹೇಳಿ.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ತಂದು, ಅಂಕದ ಲೆಕ್ಕ ಸಾಕು, ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳಲ್ಲಿ ನಾಲ್ಕನ್ನಾದರೂ ತೋರಿಸಿ ಎಂದಿತು. ಅದರಲ್ಲೇ ಇದ್ದ ಕುಲಪತಿ ನೇಮಕದ ಅಂಶ ಹಿಡಿದು ನಮ್ಮ ರಾಜ್ಯ ಸರ್ಕಾರ ಕರಡನ್ನು ವಿರೋಧಿಸಿತು. ಮೇಷ್ಟ್ರು ಯಾರಿಗೂ ಕಾಯಲಿಲ್ಲ, ಅದೇ ವಾರ ಹೊಸಕೋಟೆಗೆ ಹೋಗಿ ಒಂಬತ್ತು ಬಾಕ್ಸ್ ಫೈಲು ತಂದರು.

ಒಂಬತ್ತರಲ್ಲಿ ಸ್ಟಾರ್ಟಪ್ ಕಟ್ಟಿ ಬಂಡವಾಳ ತರುವುದೂ ಒಂದು. ಮನೆಯವರು ಮಾಡುತ್ತಿದ್ದ ಹಪ್ಪಳ ಈಗ ಆ ಫೈಲಿನಲ್ಲಿದೆ. ‘ಏಂಜೆಲ್ ಹೂಡಿಕೆದಾರರು’ ಎಂಬಲ್ಲಿ ಮಾವನವರ ಸಹಿ. ಹಪ್ಪಳ ನಿಜಕ್ಕೂ ಚೆನ್ನಾಗಿದೆ. ಈ ಕಡೆ ಬಂದರೆ ಕೊಳ್ಳಿ, ರಸೀದಿಯನ್ನು ಮಾತ್ರ ಬಿಡಬೇಡಿ. ಅದರ ಕಾರ್ಬನ್ ಪ್ರತಿ ಮೇಷ್ಟ್ರಿಗೆ ಬೇಕು.